ಕೋಡ್ ಓದಿದವರು, ಚಿಪ್ ಕಾಣದವರು

ವೈಫೈ ಲೋಕದಲ್ಲಿ ಚೆನ್ನೈಗೊಂದು ಗಟ್ಟಿ ಸ್ಥಾನವಿದೆ. ಅಥೆರಾಸ್ ಕಂಪನಿಯ ವೈಫೈ ಚಿಪ್‌ಗಳಿಗೆ ಲಿನಕ್ಸ್ ಡ್ರೈವರ್ ಬರೆದವರಲ್ಲಿ ಹಲವರು ಈ ಊರಿನ ಎಂಜಿನಿಯರುಗಳು. 2011ರಲ್ಲಿ ಕ್ವಾಲ್‌ಕಾಮ್ ಆ ಕಂಪನಿಯನ್ನು ಕೊಂಡುಕೊಂಡ ಮೇಲೂ ಕೆಲಸ ಇಲ್ಲಿ ನಿಲ್ಲಲಿಲ್ಲ. 2024ರ ಮಾರ್ಚಿನಲ್ಲಿ ವೈಫೈಗೇ ಒತ್ತು ಕೊಟ್ಟು ಕ್ವಾಲ್‌ಕಾಮ್‌ನ 177.27 ಕೋಟಿ ರೂಪಾಯಿಯ ವಿನ್ಯಾಸ ಕೇಂದ್ರವೂ ಇಲ್ಲಿ ಶುರುವಾಯಿತು. ಕರ್ನಲ್ ಡ್ರೈವರಿನ ಕೋಡ್ ರಿವ್ಯೂ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ ಎಂದು ಒರೆಗೆ ಹಚ್ಚಲು ಈ ಎಂಜಿನಿಯರುಗಳ ಕೈ ಹರಿದಾಡಿದ ಆಥ್9ಕೆ ಡ್ರೈವರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2008ರಲ್ಲಿ ಅಥೆರಾಸ್ ಅದನ್ನು ಮುಕ್ತವಾಗಿ ಬಿಟ್ಟುಕೊಟ್ಟಿತು. ಅದೇ ವರ್ಷ 2.6.27ನೇ ಕರ್ನಲ್‌ಗೆ ಅದು ಸೇರಿತು.

ಲಿನಕ್ಸ್‌ನ ಅರ್ಧಕ್ಕಿಂತ ಹೆಚ್ಚು ಕೋಡ್ ಡ್ರೈವರುಗಳದ್ದೇ. ತಪ್ಪುಗಳೂ ಅಲ್ಲೇ ಹೆಚ್ಚು: ಕರ್ನಲ್‌ನ ಉಳಿದ ಭಾಗಕ್ಕಿಂತ ಡ್ರೈವರುಗಳಲ್ಲಿ ತಪ್ಪಿನ ಪ್ರಮಾಣ 3ರಿಂದ 7 ಪಟ್ಟು ಎಂದು 2001ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದ್ದರು. ಇಂಥ ಕಡೆ ರಿವ್ಯೂ ನಿಜಕ್ಕೂ ಗೆಲ್ಲುವುದು ಕೆಲಸ ಕೆಟ್ಟಾಗಿನ ದಾರಿಯನ್ನು ಓದುವುದರಲ್ಲಿ. ಡ್ರೈವರ್ ಮೊದಲು ಮೆಮೊರಿ ಕೇಳುತ್ತದೆ, ಆಮೇಲೆ ರಿಜಿಸ್ಟರುಗಳನ್ನು ಮ್ಯಾಪ್ ಮಾಡಿಕೊಳ್ಳುತ್ತದೆ, ಕೊನೆಗೆ ಇಂಟರಪ್ಟ್ ಪಡೆಯುತ್ತದೆ. ಮೂರನೆಯದು ಕೈಕೊಟ್ಟರೆ ಮೊದಲಿನ ಎರಡನ್ನು ಹಿಮ್ಮುಖ ಕ್ರಮದಲ್ಲಿ ಬಿಟ್ಟುಕೊಟ್ಟಿದೆಯೇ? ಸ್ಪಿನ್‌ಲಾಕ್ ಹಿಡಿದುಕೊಂಡೇ ನಿದ್ದೆಗೆ ಜಾರಬಹುದಾದ ಕರೆ ಎಲ್ಲಾದರೂ ಇದೆಯೇ? ಬರೆದವನ ಮೇಜಿನ ಮೇಲಿನ ಮಷಿನ್‌ನಲ್ಲಿ ಮೆಮೊರಿ ಮುಗಿಯುವುದೇ ಇಲ್ಲವಾದ್ದರಿಂದ ಇಂಥ ತಪ್ಪು ಟೆಸ್ಟಿಗೆ ಸಿಕ್ಕುವುದು ಅಪರೂಪ. ಅದನ್ನು ಹಿಡಿಯುವುದು ಪಳಗಿದ ಕಣ್ಣೇ.

ಆದರೆ ಆಥ್9ಕೆ ಒಳಗೆ ಇನ್ನೊಂದು ಬಗೆಯ ಫೈಲುಗಳಿವೆ. ಚಿಪ್ ಎದ್ದಾಗ ಯಾವ ರಿಜಿಸ್ಟರಿಗೆ ಯಾವ ಬೆಲೆ ತುಂಬಬೇಕು ಎಂಬ ಉದ್ದುದ್ದ ಪಟ್ಟಿಗಳು. ಎಡಕ್ಕೆ ವಿಳಾಸ, ಬಲಕ್ಕೆ 5 ಗಿಗಾಹರ್ಟ್ಸ್‌ಗೆ, 2.4 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಕ್ಸಾಡೆಸಿಮಲ್ ಅಂಕಿಗಳು. ಈ ಅಂಕಿ ಯಾಕೆ ಹೀಗೆ ಎಂದು ಒಂದು ಸಾಲಿನ ವಿವರಣೆಯೂ ಇಲ್ಲ. ಹೊರಗಿನ ರಿವ್ಯೂವರ್ ಅದನ್ನು ಪಂಚಾಂಗದ ಕೋಷ್ಟಕದಂತೆ ನಂಬಬೇಕು, ಅಷ್ಟೇ. ಕಾಮಾ ಬಿಟ್ಟುಹೋಗಿದ್ದರೆ ಹೇಳಬಹುದು, ಬೆಲೆ ತಪ್ಪಾಗಿದ್ದರೆ ಹೇಳಲಾಗದು.

ಇದಕ್ಕಿಂತ ಗಂಭೀರವಾದದ್ದು 2020ರಲ್ಲಿ ಬಯಲಾಯಿತು. ವೈಫೈ ಸಂಪರ್ಕ ಕಡಿದಾಗ ಡ್ರೈವರ್ ಆ ಸಾಧನದ ಗೂಢಲಿಪಿ ಕೀಲಿಯನ್ನು ಚಿಪ್‌ನ ಕೀ ಕ್ಯಾಶ್‌ನಿಂದ ಅಳಿಸುತ್ತಿತ್ತು. ಓದಿದರೆ ತಲೆದೂಗುವಂಥ ಕೋಡ್: ಕೆಲಸ ಮುಗಿಯಿತು, ಕೀಲಿ ಅಳಿಸಿತು, ಭದ್ರ. ಆದರೆ ಅಷ್ಟರಲ್ಲಿ ಆ ಕೀಲಿಯನ್ನೇ ನೆಚ್ಚಿಕೊಂಡ ಕೆಲವು ಫ್ರೇಮ್‌ಗಳು ಹಾರ್ಡ್‌ವೇರ್ ಸರದಿಯಲ್ಲಿ ಇನ್ನೂ ಕಾದಿರುತ್ತಿದ್ದವು. ಕೀಲಿ ಇಲ್ಲದ ಚಿಪ್ ಅವನ್ನು ಗೂಢಲಿಪಿ ಇಲ್ಲದೆ ಬಯಲಿಗೇ ಬಿಡುತ್ತಿತ್ತು! ಭದ್ರತಾ ಕಂಪನಿ ಈಸೆಟ್‌ನ ಸಂಶೋಧಕರು ಕ್ವಾಲ್‌ಕಾಮ್ ಚಿಪ್‌ಗಳಲ್ಲಿ ಈ ದೋಷ ಕಂಡುಕೊಂಡರು. ಆ ವರ್ಷದ ಡಿಸೆಂಬರಿನಲ್ಲಿ ಲಿನಕ್ಸ್‌ಗೆ ಬಂದ ಪ್ಯಾಚ್ ಮಾಡಿದ್ದು ಮೇಲ್ನೋಟಕ್ಕೆ ವಿಚಿತ್ರ ಅನ್ನಿಸುವ ಕೆಲಸ. ಕೀಲಿಯನ್ನು ಹಾಗೇ ಬಿಟ್ಟು, ಅದಕ್ಕೆ ಅಂಟಿದ ಮ್ಯಾಕ್ ವಿಳಾಸವನ್ನಷ್ಟೇ ಅಳಿಸುವುದು. ಹನ್ನೆರಡು ವರ್ಷ ಯಾರು ಬೇಕಾದರೂ ಓದಬಹುದಾಗಿದ್ದ ಕೋಡ್ ಅದು. ಓದಿದವರನ್ನು ನಾನು ದೂರಲಾರೆ. ಆ ತಪ್ಪು ಕೂತಿದ್ದದ್ದು ಸಾಫ್ಟ್‌ವೇರಿನ ಗಡಿಯಾರಕ್ಕೂ ಹಾರ್ಡ್‌ವೇರಿನ ಗಡಿಯಾರಕ್ಕೂ ನಡುವಿನ ಅಂತರದಲ್ಲಿ. ಪ್ಯಾಚ್ ಓದುವ ಕ್ರಮಕ್ಕೆ ಅಂಥ ಅಂತರವನ್ನು ಹುಡುಕುವ ಅಭ್ಯಾಸವಿಲ್ಲ.

ಇಷ್ಟಾದರೂ ಆಥ್9ಕೆ ಪುಣ್ಯವಂತ ಡ್ರೈವರ್. ಅದರ ಪಿಸಿಐ ಕಾರ್ಡುಗಳಿಗೆ ಪ್ರತ್ಯೇಕ ಫರ್ಮ್‌ವೇರ್ ಬೇಡ, ಬಹುಪಾಲು ಬುದ್ಧಿ ಡ್ರೈವರಿನಲ್ಲೇ ಇದೆ. 2013ರಲ್ಲಿ ಕರ್ನಲ್ ಸೇರಿದ ಆಥ್10ಕೆಯಿಂದ ಮುಂದಕ್ಕೆ ಆ ಬುದ್ಧಿಯ ದೊಡ್ಡ ಪಾಲು ಮುಚ್ಚಿದ ಫರ್ಮ್‌ವೇರಿಗೆ ಹೋಯಿತು. ಡ್ರೈವರ್ ಅದಕ್ಕೆ ಸಂದೇಶ ಕಳಿಸುತ್ತದೆ, ಉತ್ತರಕ್ಕೆ ಕಾಯುತ್ತದೆ. ಹೀಗೆ ರಿವ್ಯೂ ಅಚ್ಚುಕಟ್ಟಾಗುತ್ತ ಹೋದಂತೆ ರಿವ್ಯೂಗೆ ಸಿಗುವ ಸತ್ಯ ಕಡಿಮೆಯಾಗುತ್ತ ಬಂತು. ಇದೇ ಚೆನ್ನೈನಲ್ಲಿ ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರಿನ ವಿನ್ಯಾಸ ಬ್ಲೂಸ್ಪೆಕ್ ಭಾಷೆಯಲ್ಲಿ ತೆರೆದೇ ಇದೆ; ಅದರ ಡ್ರೈವರಿನಲ್ಲಿ ಅನುಮಾನ ಬಂದರೆ ಹಾರ್ಡ್‌ವೇರನ್ನೂ ತೆರೆದು ಓದಬಹುದು. ರೇಡಿಯೊ ಚಿಪ್‌ನ ವಿಚಾರದಲ್ಲಿ ಅಂಥ ದಿನ ಹತ್ತಿರದಲ್ಲೇನೂ ಕಾಣುತ್ತಿಲ್ಲ.

ಒಂದು ರೂಢಿಯನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ಆಥ್10ಕೆ, ಆಥ್11ಕೆ ಪ್ಯಾಚ್‌ಗಳ ಅಡಿಯಲ್ಲಿ 'ಟೆಸ್ಟೆಡ್-ಆನ್' ಎಂಬ ಸಾಲಿರುತ್ತದೆ: ಯಾವ ಚಿಪ್, ಅದರ ಎಷ್ಟನೇ ಆವೃತ್ತಿ, ಯಾವ ಫರ್ಮ್‌ವೇರ್. ಕೈಯಲ್ಲಿ ಚಿಪ್ ಇಲ್ಲದ ರಿವ್ಯೂವರಿಗೆ ಇದೊಂದು ಪ್ರಾಮಾಣಿಕ ಹೇಳಿಕೆ. ಆದರೆ ಯಾವುದರ ಮೇಲೆ ಓಡಿಸಿದರು ಎಂದು ಹೇಳುವ ಆ ಸಾಲು ಏನನ್ನು ಓಡಿಸಿ ನೋಡಿದರು ಎಂದು ಹೇಳುವುದಿಲ್ಲ. ಸರದಿ ತುಂಬಿರುವಾಗಲೇ ಸಂಪರ್ಕ ಕಡಿದು ನೋಡಿದ್ದೀರಾ ಎಂಬ ಪ್ರಶ್ನೆಯನ್ನು ರಿವ್ಯೂವರ್ ತಾನಾಗಿಯೇ ಎತ್ತಬೇಕು.