ಕುರ್ಚಿಯೂ ಆಸನವೇ

ಬಿ.ಕೆ.ಎಸ್. ಅಯ್ಯಂಗಾರ್ ಅವರ ‘ಲೈಟ್ ಆನ್ ಯೋಗ’ (1966) ಕೃತಿಯ ಬಲವೂ ಮಿತಿಯೂ ಅದರ ಸುಮಾರು 600 ಛಾಯಾಚಿತ್ರಗಳೇ. ಅವುಗಳಲ್ಲಿ ಕಾಣುವುದು ಚೆನ್ನಾಗಿ ಪಳಗಿದ ಮೈ. ಮೊಣಕಾಲು ಸವೆದವರು ನಾಲ್ಕು ಪುಟ ತಿರುವಿ, ಇದು ನಮಗಲ್ಲವೆಂದು ಮುಚ್ಚಿಡುತ್ತಾರೆ.

ಆದರೆ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಈ ಲೇಖಕರು ಎಳವೆಯಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ನರಳಿದವರು. ಮುಂದೆ ಪುಣೆಯಲ್ಲಿ ರೋಗಿಗಳಿಗೆ ಕುರ್ಚಿ, ಹಗ್ಗ, ಪಟ್ಟಿ, ದಿಂಬುಗಳ ಆಸರೆ ಕೊಟ್ಟು ಕಲಿಸಿದರು. 2001ರ ‘ಯೋಗ: ದ ಪಾತ್ ಟು ಹೋಲಿಸ್ಟಿಕ್ ಹೆಲ್ತ್’ನಲ್ಲಿ ಆ ಆಸರೆಗಳ ಚಿತ್ರಗಳಿವೆ, ನಮ್ಮ ವಯಸ್ಸಿನವರು ಮೊದಲು ತೆರೆಯಬೇಕಾದದ್ದು ಅದನ್ನೇ. ಕಾಯಿಲೆಗೊಂದು ಆಸನಪಟ್ಟಿ ಕೊಡುವ ಅದರ ಕ್ರಮ ಮಾತ್ರ, ಎಚ್ಚರಿಕೆಗಳಿದ್ದರೂ, ವೈದ್ಯನಾದ ನನಗೆ ಒಪ್ಪಿಗೆಯಿಲ್ಲ. ಮೂಳೆ ಟೊಳ್ಳಾದವರು ಬೆನ್ನು ಗೂನಾಗಿಸಿ ಬಗ್ಗಿದರೆ ಬೆನ್ನುಮೂಳೆ ಕುಸಿಯಬಹುದು. ಯಾರ ಮೂಳೆ ಹೇಗಿದೆಯೆಂದು ಪುಸ್ತಕಕ್ಕೆ ತಿಳಿಯದು.

ಕುರ್ಚಿಯ ಮಾತು ಪೂಜೆಗೂ ಸಲ್ಲುತ್ತದೆ. ಪತಂಜಲಿ ಆಸನಕ್ಕೆ ಕೇಳಿದ್ದು ಸ್ಥಿರತೆ ಮತ್ತು ಸುಖ ಮಾತ್ರ. ಸಾಷ್ಟಾಂಗ ಆಗದವರಿಗೆ ಕೈಮುಗಿಯುವುದು, ಅದೂ ಆಗದವರಿಗೆ ಮಾನಸಪೂಜೆ ನಮ್ಮಲ್ಲಿ ಹಿಂದಿನಿಂದ ಬಂದದ್ದೇ. ಆದರೂ ಇಲ್ಲಿ ಆಕ್ಲೆಂಡಿನಲ್ಲಿ ಹಾಲ್ ಬಾಡಿಗೆ ಹಿಡಿದು ಸತ್ಯನಾರಾಯಣ ಪೂಜೆ ಮಾಡುವಾಗ ಕುರ್ಚಿಗಳನ್ನು ಹಾಕುವುದು ಹಿಂದಿನ ಗೋಡೆಗೆ. ಅಲ್ಲಿಂದ ದೀಪವೂ ಕಾಣದು, ಕಥೆಯೂ ಕೇಳದು. ನಮ್ಮ ಮನೆಯವರು ಎರಡು ವರ್ಷದಿಂದ ಪೂಜೆಗೆ ಬರುತ್ತಿಲ್ಲ. ಮೊಣಕಾಲು ನೋವೆಂದು ಎಲ್ಲರಿಗೂ ಹೇಳುತ್ತಾರೆ. ನಿಜವಾದ ಕಾರಣ ಆ ಗೋಡೆ.