ಮಾರಿಯ ನಿರಾಕರಣೆ ಮತ್ತು ಶಕ್ತಿಯ ಸ್ವೀಕಾರ

ಬೀದರ ಸೀಮೆಯಲ್ಲಿ ಉಗ್ರದೇವತೆಗೆ ಹೆಸರುಗಳು ಹಲವು. ಭಾಲ್ಕಿ, ಔರಾದಗಳ ಕನ್ನಡದ ನುಡಿಯಲ್ಲಿ ಅವಳು ಮರಗಮ್ಮ. ಮರಾಠಿ ಮಾತಿನ ಮನೆಗಳಲ್ಲಿ ಮರಿಆಯಿ, ಭವಾನಿ. ಬೀದರ ನಗರವನ್ನು ದಾಟಿ ತೆಲುಗು ಗಡಿಯತ್ತ ಸರಿದರೆ ಪೋಚಮ್ಮ. ನವರಾತ್ರಿ ಬಂದಿತೆಂದರೆ ಇಲ್ಲಿಯ ಭಕ್ತರು ತುಳಜಾಪುರದ ಹಾದಿ ಹಿಡಿಯುತ್ತಾರೆ. ಇವರಲ್ಲಿ ಲಿಂಗವಂತ ಮನೆತನಗಳೂ ಉಂಟು. ಕೊರಳಲ್ಲಿ ಇಷ್ಟಲಿಂಗ, ಕುಲದೇವತೆಯ ಸ್ಥಾನದಲ್ಲಿ ಭವಾನಿ. ಇದೇ ಸೀಮೆಗೆ ಸೇರಿದ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಮಾರಿ ಮಸಣಿಗಳನ್ನು ನಿರಾಕರಿಸಿದರೆಂಬುದು ಸರ್ವವಿದಿತ. ಆದರೆ ಅವರು ನಿರಾಕರಿಸಿದ್ದು ಏನನ್ನು? ದೇವತೆಯನ್ನೋ, ಪೂಜಿಸುವವರನ್ನೋ, ಪೂಜೆಯ ಮೂಲದಲ್ಲಿದ್ದ ಭಯವನ್ನೋ? ಪ್ರವಚನಗಳಲ್ಲಿ ಈ ಮೂರನ್ನೂ ಒಂದೇ ಎಂಬಂತೆ ಹೇಳಿಬಿಡುವ ರೂಢಿ ಬೆಳೆದಿದೆ. ವಚನದ ಅರ್ಥಕ್ಕೆ ಇದರಿಂದ ಆಗಿರುವ ಹಾನಿ ಅಲ್ಪವಲ್ಲ.

ಉಗ್ರಮಾತೃಕೆಯ ಆರಾಧನೆ ಕಲ್ಯಾಣಕ್ಕೆ ಹೊರಗಿನಿಂದ ಬಂದುದಲ್ಲ. ಜಾಯಪ ಸೇನಾನಿಯ 13ನೆಯ ಶತಮಾನದ 'ನೃತ್ತರತ್ನಾವಳಿ' ಒಂದು ಸಂಗತಿಯನ್ನು ದಾಖಲಿಸುತ್ತದೆ: ಚಾಲುಕ್ಯ ಸೋಮೇಶ್ವರನು ಕಲ್ಯಾಣದಲ್ಲಿ ನಡೆದ ಭೂತಮಾತೃ ಮಹೋತ್ಸವದಲ್ಲಿ ಭಿಲ್ಲ ವೇಷದ ಹೆಣ್ಣೊಬ್ಬಳ ಕುಣಿತವನ್ನು ಕಂಡು ಮೆಚ್ಚಿ, ಅದನ್ನು ಗೊಂದಲಿ ಎಂಬ ನೃತ್ಯವಾಗಿ ರೂಪಿಸಿದನು. ಭವಾನಿಯ ಹೆಸರಿನಲ್ಲಿ ಸಂಬಳ, ತುಂತುಣೆಗಳೊಡನೆ ಗೊಂದಲ ಹಾಕುವ ಗೊಂದಲಿಗರ ಹೆಸರು ಆ ನೃತ್ಯದ ಹೆಸರನ್ನು ನೆನಪಿಸುವಂತಿದೆ. ಬಸವಣ್ಣನವರು ಕಲ್ಯಾಣಕ್ಕೆ ಬಂದಾಗ ಈ ಆರಾಧನೆ ಹಟ್ಟಿಯ ಮೂಲೆಯಲ್ಲಿ ಅಡಗಿರಲಿಲ್ಲ. ಅದಕ್ಕೆ ಅರಮನೆಯ ಮನ್ನಣೆಯೂ ಇತ್ತು.

ಸಾಹಿತ್ಯದ ಸಾಕ್ಷಿ ಇದಕ್ಕಿಂತ ಹಳೆಯದು. ಪಂಪನಿಗೆ ಆಶ್ರಯವಿತ್ತ ವೇಮುಲವಾಡ ಚಾಲುಕ್ಯರ ನೆಲವಾದ ಗಂಗಾಧಾರದಲ್ಲಿ ಸೋಮದೇವಸೂರಿಯು ಕ್ರಿ.ಶ. 959ರಲ್ಲಿ 'ಯಶಸ್ತಿಲಕ'ವನ್ನು ಮುಗಿಸಿದನು. ಕೌಲಾಚಾರ್ಯನ ಮಾತು ಕೇಳಿ ಚಂಡಮಾರಿಗೆ ಸಕಲ ಪ್ರಾಣಿಗಳ ಜೋಡಿಗಳನ್ನು, ಕೊನೆಗೆ ನರಮಿಥುನವನ್ನೂ ಬಲಿಯಾಗಿ ಅರ್ಪಿಸಹೊರಟ ಮಾರಿದತ್ತನ ಕಥೆ ಅದರ ಚೌಕಟ್ಟು. ಜನ್ನನು 1209ರಲ್ಲಿ ಅದೇ ಕಥೆಯನ್ನು 'ಯಶೋಧರ ಚರಿತೆ'ಯಾಗಿ ಕನ್ನಡಿಸಿದನು.

ಈ ಜೈನ ಕವಿಗಳು ಬಿಡಿಸಿದ ಚಿತ್ರವನ್ನೇ ತಾಂತ್ರಿಕ ಉಪಾಸನೆಯ ಪೂರ್ಣಸ್ವರೂಪವೆಂದು ಭಾವಿಸುವುದು ನ್ಯಾಯವಲ್ಲ. 'ಕುಲಾರ್ಣವ ತಂತ್ರ'ವು ಜೀವನನ್ನು ಪಶುವಾಗಿಸುವ ಎಂಟು ಪಾಶಗಳನ್ನು ಎಣಿಸುತ್ತದೆ. ಭಯ, ಲಜ್ಜೆ, ಜುಗುಪ್ಸೆಗಳ ಜೊತೆಗೆ ಕುಲವೂ ಜಾತಿಯೂ ಅಲ್ಲಿ ಪಾಶಗಳೇ. ಶ್ಮಶಾನ, ಕಪಾಲ, ಮದ್ಯಗಳನ್ನು ಸಾಧಕನ ಮುಂದಿಡುವುದು ಅವನ ಭಯವೂ ಹೇಸಿಕೆಯೂ ಕಳೆಯಲೆಂದು. ಗುರಿಯನ್ನು ಮಾತ್ರ ನೋಡಿದರೆ ಕೌಲನೂ ಶರಣನೂ ಬಹಳ ದೂರದವರಲ್ಲ. ಈ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಭೇದವಿರುವುದು ದಾರಿಯಲ್ಲಿ. ಕೌಲನಿಗೆ ಭಯಂಕರವು ಹೊರಗೆ, ಕಣ್ಣೆದುರಿಗೆ ಬೇಕು. ಅದನ್ನು ಗುಟ್ಟಾಗಿ, ದೀಕ್ಷಿತರ ಚಕ್ರದೊಳಗೆ ಎದುರಿಸಬೇಕು. ಗುಟ್ಟು ಬಿಟ್ಟು ಸಂತೆಗೆ ಬಂದಾಗ ಉಳಿಯುವುದು ಬಲಿಯ ಕತ್ತಿ ಮಾತ್ರ.

ಜನ್ನನು ಈ ಕತ್ತಿಯನ್ನು ಹಿಡಿದು ನಿಲ್ಲಿಸುತ್ತಾನೆ. ಹಿಟ್ಟಿನ ಕೋಳಿಯನ್ನು ಕಡಿದ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಜನ್ಮಜನ್ಮಾಂತರ ತೊಳಲುವುದನ್ನು ತೋರಿಸಿ, ಹಿಂಸೆ ಮೊದಲು ಸಂಕಲ್ಪದಲ್ಲಿ ನಡೆಯುತ್ತದೆಂಬುದನ್ನು ಕನ್ನಡಕ್ಕೆ ಮರೆಯಲಾಗದಂತೆ ಹೇಳಿದವನು ಅವನು. ಕಡೆಯಲ್ಲಿ ಚಂಡಮಾರಿಯೇ ಪ್ರತ್ಯಕ್ಷಳಾಗಿ ಹಿಂಸಾಪೂಜೆಯನ್ನು ತೊರೆಯುತ್ತಾಳೆ. ಆದರೆ ಅವಳು ಅಲ್ಲಿಯೇ ಉಳಿಯುತ್ತಾಳೆ. ಮಾರಿ ಸಾತ್ವಿಕಳಾದಳೇ ಹೊರತು ಇಲ್ಲವಾಗಲಿಲ್ಲ.

ಜನ್ನನಿಗಿಂತ ಸುಮಾರು ನಾಲ್ಕು ದಶಕ ಮೊದಲೇ ಬಸವಣ್ಣನವರು ಇದಕ್ಕಿಂತ ಮುಂದೆ ಹೋಗಿದ್ದರು. ಮಾರಿಯೆಂಬುದು ಬೇರೆ ಇಲ್ಲ. ಕಣ್ಣು ತಪ್ಪಿ ನೋಡಿದರೆ, ನಾಲಗೆ ತಪ್ಪಿ ನುಡಿದರೆ, ಕೂಡಲಸಂಗನ ನೆನಹು ತಪ್ಪಿದರೆ ಅದೇ ಮಾರಿ ಎಂಬುದು ಆ ಪ್ರಸಿದ್ಧ ವಚನದ ತಾತ್ಪರ್ಯ. ಇಲ್ಲಿ ಆರೋಪಿಯ ಸ್ಥಾನದಲ್ಲಿ ನಿಂತವರು ಯಾರೆಂಬುದನ್ನು ಗಮನಿಸಬೇಕು. ಚಾಟಿ ಹಿಡಿದು ಮೈಗೆ ಹೊಡೆದುಕೊಳ್ಳುವ ಪೋತರಾಜನಲ್ಲ. ಹರಕೆ ಹೊತ್ತ ಬಡವಿಯೂ ಅಲ್ಲ. ಕಣ್ಣು, ನಾಲಗೆ, ನೆನಹು ಮೂರೂ ಭಕ್ತನವೇ, ಪೂಜೆ ಮುಗಿಸಿ ಎದ್ದವನವೇ. ಈ ವಚನವನ್ನು ಮರಗಮ್ಮನ ಕಟ್ಟೆಯತ್ತ ಬೆರಳು ತೋರಿಸಿ ಹೇಳುವವರು ಅದರ ದಿಕ್ಕನ್ನೇ ತಿರುಗಿಸುತ್ತಾರೆ.

ಬಸವಣ್ಣನವರಲ್ಲಿ ಪರಿಹಾಸವೂ ಉಂಟು: ಹಣದ ಅಡಚಣೆ ಬಂದರೆ ಮಾರುವ, ಅಂಜಿಕೆಯಾದರೆ ಹೂಳುವ ದೈವಗಳನ್ನು ಅವರು ನಗೆಗೀಡು ಮಾಡಿದ್ದಾರೆ. ಆದರೆ ಅಲ್ಲಿಯೂ ನಗೆಯ ಗುರಿ ಒಡವೆಯಾಗಿಬಿಟ್ಟ ದೈವ. ಹಬ್ಬದ ಕುರಿಯ ವಚನದಲ್ಲಂತೂ ನಗೆಯೇ ಇಲ್ಲ. ತನ್ನ ಸಾವಿಗೆ ಕಟ್ಟಿದ ತೋರಣದ ತಳಿರನ್ನೇ ಮೇಯುವ ಆ ಪ್ರಾಣಿಯ ಮೇಲಿನ ಮರುಕ, ಕೊಂದವರೂ ಉಳಿಯರೆಂಬ ಅರಿವಿನೊಡನೆ ಬೆರೆತಿದೆ.

ಭಯಕ್ಕೆ ಕಾರಣ ರೋಗ, ರೋಗ ಹೋದರೆ ಮಾರಿಯೂ ಹೋಗುವಳೆಂದು ವಿಚಾರವಂತರು ಹೇಳುತ್ತಿದ್ದರು. ಸಿಡುಬು 1980ರ ಹೊತ್ತಿಗೆ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು. ಮರಗಮ್ಮನ ಕಟ್ಟೆಗಳು ಬರಿದಾಗಲಿಲ್ಲ. ಭಯದ ಬೇರು ಚರ್ಮಕ್ಕಿಂತ ಆಳದಲ್ಲಿದೆಯೆಂಬ ಬಸವಣ್ಣನವರ ನಿದಾನವೇ ಹೆಚ್ಚು ಸರಿಯಾದುದು.

ಇಷ್ಟಾದರೂ ವೀರಶೈವವು ಶಕ್ತಿಯನ್ನು ಕೈಬಿಟ್ಟ ಮತವಲ್ಲ. ಅದರ ದರ್ಶನದ ಹೆಸರೇ ಶಕ್ತಿವಿಶಿಷ್ಟಾದ್ವೈತ. ಮಗ್ಗೆಯ ಮಾಯಿದೇವನ 'ಅನುಭವಸೂತ್ರ'ದಲ್ಲಿ ಒಂದೇ ಶಕ್ತಿ ಲಿಂಗದಲ್ಲಿ ಕಲೆಯಾಗಿಯೂ ಅಂಗದಲ್ಲಿ ಭಕ್ತಿಯಾಗಿಯೂ ನೆಲೆಗೊಳ್ಳುತ್ತದೆ. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಪಾರ್ವತಿಯ ತಾಮಸಕಳೆ ಬನವಸೆಯ ಮಮಕಾರ ರಾಜನ ಮಗಳು ಮಾಯೆಯಾಗಿ ಹುಟ್ಟುತ್ತದೆ. ಮದ್ದಳೆಗಾರನಾಗಿ ಬಂದ ಅಲ್ಲಮನನ್ನು ಹಿಡಿಯಲಾರದೆ ಸೋಲುತ್ತದೆ. ಆಮೇಲೆ ಸಾತ್ವಿಕಕಳೆ ಅಕ್ಕಮಹಾದೇವಿಯಾಗಿ ಇಳಿದು ಬರುತ್ತದೆ. ತಾಮಸಕ್ಕೆ ಕೋರೆದಾಡೆ, ರಕ್ತನಾಲಗೆಗಳನ್ನು ಕೊಡುವುದು ಕವಿಗೆ ಸುಲಭವಿತ್ತು. ಅವನು ಕೊಟ್ಟದ್ದು ಸೌಂದರ್ಯ. ಅಂಜಿಸುವ ಶಕ್ತಿಗಿಂತ ಮೋಹಿಸುವ ಶಕ್ತಿಯೇ ಅಪಾಯಕರವೆಂಬ ಈ ಗ್ರಹಿಕೆ ಸೂಕ್ಷ್ಮವಾದುದು. ಆದರೂ ಕಾವ್ಯಕ್ಕೆ ಇದರಿಂದ ಒಂದು ನಷ್ಟವಾಗಿದೆ: ದೇವಿಯ ಉಗ್ರತೆಯನ್ನು ನೇರವಾಗಿ ಎದುರಿಸುವ ಸಂದರ್ಭ ಅಲ್ಲಿ ಒದಗುವುದಿಲ್ಲ.

ಆ ಉಗ್ರತೆ ಬೇರೊಂದು ಕಡೆ ಉಳಿದಿದೆ. ರಾಘವಾಂಕನು ಉದ್ದಂಡ ಷಟ್ಪದಿಯಲ್ಲಿ ಹಾಡಿದ ವೀರೇಶನ ಪಕ್ಕದಲ್ಲಿ ಜನರ ಆರಾಧನೆ ಭದ್ರಕಾಳಿಯನ್ನು ನಿಲ್ಲಿಸಿದೆ. ಇದೇ ಜಿಲ್ಲೆಯ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆ ಭಾಲ್ಕಿ, ಔರಾದಗಳಿಂದ ಹೋಗುವ ಭಕ್ತರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಖಡ್ಗ ಹಿಡಿದ ಪುರವಂತನ ಒಡಪುಗಳಲ್ಲಿ ಮೊಳಗುವ ರೌದ್ರಕ್ಕೂ ಚಂಡಮಾರಿಯ ರೌದ್ರಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಚಂಡಮಾರಿ ಬಲಿಯನ್ನು ಬೇಡುವವಳು. ಪುರಾಣಪರಂಪರೆಯ ಭದ್ರಕಾಳಿ ವೀರಭದ್ರನೊಡನೆ ದಕ್ಷನ ಯಜ್ಞಶಾಲೆಗೆ ನುಗ್ಗುವುದು ಅಲ್ಲಿಯ ಹವಿಸ್ಸಿನಲ್ಲಿ ಪಾಲು ಬೇಡಲೆಂದಲ್ಲ, ಆ ಯಜ್ಞವನ್ನೇ ಕೆಡಿಸಲೆಂದು.