ಪದತ್ಯಾಗದ ಪ್ರತಿಜ್ಞೆ

ರಾಜ್ಯಾಧಿಕಾರವನ್ನು ಬೇಡಿ ಜನರ ಮುಂದೆ ನಿಂತವನೊಬ್ಬನು, ಆ ಅಧಿಕಾರ ಕೈಗೆ ಬಂದರೆ ಒಂದೇ ಒಂದು ಶಾಸನವನ್ನು ಮಾಡಿಸಿ, ಅದು ಅಂಗೀಕೃತವಾದೊಡನೆ ಪೀಠದಿಂದ ಇಳಿದುಬಿಡುವೆನೆಂದು ಮಾತು ಕೊಡುವುದು ಪ್ರಜಾಪ್ರಭುತ್ವದ ಚರಿತ್ರೆಯಲ್ಲಿ ಅತಿ ವಿರಳವಾದ ಸಂಗತಿ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಪದವಿಗಾಗಿ ಡೆಮಾಕ್ರಾಟಿಕ್ ಪಕ್ಷದ ಉಮೇದುವಾರಿಕೆಯನ್ನು ಬಯಸಿದ ಲಾರೆನ್ಸ್ ಲೆಸಿಗ್ ಅವರು ಕೊಟ್ಟ ಮಾತು ಅದು. ಹಾರ್ವರ್ಡ್‌ನಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕರಾದ ಅವರು ಅದಕ್ಕೆ ಮುಂಚೆ ಯಾವ ಚುನಾಯಿತ ಪದವಿಯಲ್ಲಿಯೂ ಇದ್ದವರಲ್ಲ. ಎರಡು ತಿಂಗಳು ತುಂಬುವುದರೊಳಗೆ, ನವೆಂಬರ್ 2ರಂದು, ಒಂದು ಮತವನ್ನೂ ಎದುರಿಸದೆ ಕಣದಿಂದ ಹಿಂದೆ ಸರಿದರು. ಸೋಲುಗೆಲುವುಗಳ ಲೆಕ್ಕದಲ್ಲಿ ಈ ಪ್ರಸಂಗಕ್ಕೆ ಸ್ಥಾನವಿಲ್ಲ. ಆದರೆ ಅದೊಂದು ವಾದ; ಗ್ರಂಥವನ್ನು ಪರೀಕ್ಷಿಸುವಂತೆ ಅದನ್ನು ಪರೀಕ್ಷಿಸಬೇಕೆಂದು ನನ್ನ ಮತ.

ಲೆಸಿಗ್ ಅವರ ಪೂರ್ವಖ್ಯಾತಿ ಗ್ರಂಥಸ್ವಾಮ್ಯದ ಕ್ಷೇತ್ರದ್ದು. ಕೃತಿಗಳನ್ನು ಲೋಕದೊಡನೆ ಹಂಚಿಕೊಳ್ಳಲು ನೆರವಾಗುವ ‘ಕ್ರಿಯೇಟಿವ್ ಕಾಮನ್ಸ್’ ಸಂಸ್ಥೆಯನ್ನು 2001ರಲ್ಲಿ ಕಟ್ಟಿದವರಲ್ಲಿ ಅವರು ಪ್ರಮುಖರು. ಗ್ರಂಥಸ್ವಾಮ್ಯದ ಅವಧಿಯನ್ನು ಅಮೆರಿಕದ ಶಾಸನಸಭೆಯಾದ ಕಾಂಗ್ರೆಸ್ಸು ವಿಸ್ತರಿಸಿದ್ದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದಲ್ಲಿ ತಾವೇ ವಾದಿಸಿ 2003ರಲ್ಲಿ ಸೋತರು. ಶಾಸನಸಭೆಯ ಮೂಲದಲ್ಲಿಯೇ ದೋಷವಿರುವಾಗ ಶಾಸನಗಳ ತಿದ್ದುಪಡಿಗೆ ಹೆಣಗಿ ಫಲವೇನೆಂಬ ಆಶಯದ ಪ್ರಶ್ನೆಯನ್ನು ಆರನ್ ಸ್ವಾರ್ಟ್ಜ್ ಎಂಬ ತರುಣಮಿತ್ರನು ಅವರ ಮುಂದಿಟ್ಟನು. 2007ರಿಂದ ಅವರು ಆ ಮೂಲದ ಕಡೆಗೇ ತಿರುಗಿದರು. ಆ ತರುಣನು 2013ರ ಜನವರಿಯಲ್ಲಿ ತೀರಿಕೊಂಡ ಮರುವರ್ಷ, ಅವನ ಪುಣ್ಯತಿಥಿಯಂದು ಹೊರಟು, ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನವನ್ನು ಕೊರೆಯುವ ಚಳಿಯಲ್ಲಿ ಉದ್ದಕ್ಕೂ ನಡೆದು, ಡಾರಿಸ್ ಹ್ಯಾಡಕ್ ಎಂಬ ವೃದ್ಧೆಯ ಜನ್ಮದಿನದಂದು ಯಾತ್ರೆಯನ್ನು ಮುಗಿಸಿದರು. ಆ ವೃದ್ಧೆ ಚುನಾವಣಾಧನದ ಸುಧಾರಣೆಗಾಗಿಯೇ 1999ರಲ್ಲಿ ಕ್ಯಾಲಿಫೋರ್ನಿಯದಿಂದ ಕಾಲ್ನಡಿಗೆಯಲ್ಲಿ ಹೊರಟು, ತೊಂಬತ್ತು ತುಂಬಿದ ಮೇಲೆ ರಾಜಧಾನಿ ವಾಷಿಂಗ್ಟನ್ನನ್ನು ಸೇರಿದ ಮಹಾಸತ್ತ್ವಶಾಲಿನಿ. ಪುಸ್ತಕದ ವಾದಕ್ಕೆ ದೇಹಶ್ರಮವನ್ನು ಹೀಗೆ ಒತ್ತೆಯಿಟ್ಟ ಪಂಡಿತರನ್ನು ನಾವು ಗೌರವದಿಂದಲೇ ಕಾಣಬೇಕು.

ಅವರ ರೋಗನಿದಾನವು ಸೂಕ್ಷ್ಮವಾದುದು. ಅಮೆರಿಕದ ನ್ಯಾಯಾಲಯವು 1976ರಿಂದ ಈಚೆಗೆ ಚುನಾವಣೆಗಾಗಿ ಮಾಡುವ ವೆಚ್ಚವನ್ನು ವಾಕ್‌ಸ್ವಾತಂತ್ರ್ಯದ ಅಂಗವೆಂದು ಬಗೆದಿದೆ. 2010ರ ‘ಸಿಟಿಜನ್ಸ್ ಯುನೈಟೆಡ್’ ತೀರ್ಪು ವಾಣಿಜ್ಯಸಂಸ್ಥೆಗಳಿಗೂ ಕಾರ್ಮಿಕಸಂಘಗಳಿಗೂ ಸ್ವತಂತ್ರ ವೆಚ್ಚದ ಬಾಗಿಲನ್ನು ತೆರೆಯಿತು. ಅದರ ಹಿಂದೆಯೇ ಮಿತಿಯಿಲ್ಲದೆ ಹಣ ಕೂಡಿಸಬಲ್ಲ ‘ಸೂಪರ್ ಪ್ಯಾಕ್’ಗಳು ಹುಟ್ಟಿದವು. ಈ ತೀರ್ಪುಗಳ ಹಿಂದೆ, ಭ್ರಷ್ಟಾಚಾರವೆಂದರೆ ಕೊಟ್ಟ ಹಣಕ್ಕೆ ಪ್ರತಿಯಾಗಿ ಮಾಡಿಕೊಟ್ಟ ಕಾರ್ಯ, ಅರ್ಥಾತ್ ಲಂಚ, ಎಂಬ ಸಂಕುಚಿತ ಕಲ್ಪನೆಯಿದೆ. 2011ರಲ್ಲಿ ಪ್ರಕಟವಾದ ‘ರಿಪಬ್ಲಿಕ್, ಲಾಸ್ಟ್’ ಎಂಬ ಗ್ರಂಥದಲ್ಲಿ ಲೆಸಿಗ್ ಅವರು ಅದನ್ನು ಒಪ್ಪುವುದಿಲ್ಲ. ಸದಸ್ಯರಲ್ಲಿ ಬಹುಮಂದಿ ಲಂಚಕೋರರಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ, ಪ್ರತಿನಿಧಿಯು ಜನರನ್ನು ಮಾತ್ರವೇ ಅವಲಂಬಿಸಿರತಕ್ಕದ್ದೆಂದು ಸಂವಿಧಾನಕರ್ತರು ಬಯಸಿದ್ದ ಸ್ಥಾನದಲ್ಲಿ, ಜನರಿಗಿಂತ ಮೊದಲು ದೇಣಿಗೆದಾರರನ್ನು ಅವಲಂಬಿಸುವ ಸ್ಥಿತಿ ಬಂದಿದ್ದರೆ, ಗಣರಾಜ್ಯವು ಕೆಟ್ಟಿತೆನ್ನಲು ಅಷ್ಟೇ ಸಾಕು. ಸದಸ್ಯರ ಕಾಲದಲ್ಲಿ ಶೇಕಡ 30ರಿಂದ 70ರವರೆಗೆ ಹಣದ ಬೇಟೆಯಲ್ಲಿ ಕಳೆಯುವುದೆಂದೂ, ಗಣ್ಯಮೊತ್ತವನ್ನು ಕೊಡತಕ್ಕವರು ಜನಸಂಖ್ಯೆಯಲ್ಲಿ ಶೇಕಡ 0.05ರಷ್ಟು, ಎಂದರೆ ಸುಮಾರು ಒಂದೂವರೆ ಲಕ್ಷ ಮಂದಿ ಮಾತ್ರವೆಂದೂ ಅವರ ಲೆಕ್ಕ.

ಭಾರತಕಥೆಯನ್ನು ಬಲ್ಲ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭೀಷ್ಮದ್ರೋಣರು ದುರ್ಯೋಧನನಿಂದ ಲಂಚ ಪಡೆದರೆಂದು ಹೇಳುವ ಮೂಢನು ಯಾವನೂ ಇಲ್ಲ. ಧರ್ಮವು ಯಾವ ಪಕ್ಷದಲ್ಲಿದೆಯೆಂಬುದು ಅವರಿಗೆ ತಿಳಿಯದಿದ್ದುದೂ ಅಲ್ಲ. ಆದರೂ ಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಅವರಿಂದ ನೇರವಾದ ಉತ್ತರ ಬರಲಿಲ್ಲ, ರಣದಲ್ಲಿ ಅವರು ನಿಂತದ್ದು ಅನ್ನವಿತ್ತವನ ಕಡೆಗೆ. ವ್ಯಕ್ತಿಯ ಶೀಲವು ಕೆಡದೆಯೇ ಅವನ ತೀರ್ಮಾನವು ಪರಾಧೀನವಾಗಬಲ್ಲದೆಂಬ ಈ ಸತ್ಯವನ್ನು ನ್ಯಾಯಶಾಸ್ತ್ರದ ಪರಿಭಾಷೆಗೆ ತಂದದ್ದು ಲೆಸಿಗ್ ಅವರ ನಿಜವಾದ ಸಾಧನೆ.

ಇನ್ನು ಚಿಕಿತ್ಸೆಯ ವಿಚಾರ. 1995ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರೂ ಪ್ರತಿನಿಧಿಸಭೆಯ ಸಭಾಪತಿ ಗಿಂಗ್ರಿಚ್ ಅವರೂ ಚುನಾವಣಾಧನದ ಸುಧಾರಣೆಗೆ ಆಯೋಗವೊಂದನ್ನು ರಚಿಸುವೆವೆಂದು ಜನರೆದುರಿಗೆ ಕೈಕುಲುಕಿ, ಬಳಿಕ ಏನನ್ನೂ ಮಾಡದೆ ಬಿಟ್ಟ ಕ್ಲೇರ್‌ಮಾಂಟ್ ಎಂಬ ಪಟ್ಟಣದಲ್ಲಿಯೇ ಲೆಸಿಗ್ ಅವರು ತಮ್ಮ ಪ್ರಚಾರವನ್ನು ಆರಂಭಿಸಿದರು. ಅದಕ್ಕೆ ಮುಂಚೆ ಒಂದು ತಿಂಗಳೊಳಗೆ ಹತ್ತು ಲಕ್ಷ ಡಾಲರುಗಳು ಕೂಡಿದರೆ ಮಾತ್ರ ನಿಲ್ಲುವೆನೆಂದು ಸಾರಿದ್ದರು, ಕೂಡಿತು. ಮತದಾನದ ಹಕ್ಕನ್ನು ಸುಲಭಗೊಳಿಸುವುದು, ಪಕ್ಷಕ್ಕೆ ಅನುಕೂಲವಾಗುವಂತೆ ಕ್ಷೇತ್ರಗಳ ಗಡಿಯನ್ನು ತಿರುಚುವುದನ್ನು ನಿಲ್ಲಿಸುವುದು, ಪ್ರತಿ ಮತದಾರನ ಕೈಗೂ ಉಮೇದುವಾರರಿಗೆ ಕೊಡಬಹುದಾದ ಸರ್ಕಾರಿ ಹಣದ ಚೀಟಿಯನ್ನಿತ್ತು ದೊಡ್ಡ ದೇಣಿಗೆಯ ಬಲವನ್ನು ಕುಂದಿಸುವುದು, ಇವು ಅವರ ‘ಪೌರಸಮಾನತಾ ಶಾಸನ’ದ ಅಂಗಗಳು. ಅದೊಂದನ್ನು ಮಾಡಿಸಿ ಉಪಾಧ್ಯಕ್ಷರಿಗೆ ಪದವಿಯನ್ನು ಒಪ್ಪಿಸುವುದಾಗಿ ಅವರ ಪ್ರತಿಜ್ಞೆ.

ಅನೇಕರು ಈ ಪ್ರತಿಜ್ಞೆಯನ್ನು ವಿಚಿತ್ರಬುದ್ಧಿಯೆಂದು ತಳ್ಳಿಹಾಕಿದರು. ನನಗಾದರೋ ಈ ಉಮೇದುವಾರಿಕೆಯ ಜೀವವೇ ಅದರಲ್ಲಿದ್ದಂತೆ ಕಾಣುತ್ತದೆ. 2012ರ ಚುನಾವಣೆಗೆ ಲೂಯಿಸಿಯಾನದ ಮಾಜಿ ಗವರ್ನರ್ ಬಡ್ಡಿ ರೋಮರ್ ಅವರು ಒಬ್ಬರಿಂದ ನೂರು ಡಾಲರಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲವೆಂಬ ವ್ರತವನ್ನು ಹಿಡಿದು ನಿಂತಿದ್ದರು. ಅದು ವೈಯಕ್ತಿಕ ಶುದ್ಧಿಯ ನಿದರ್ಶನ. ಲೆಸಿಗ್ ಅವರ ಯೋಚನೆಯು ಅದಕ್ಕಿಂತ ಆಳವಾದುದು. ಅಮೆರಿಕದ ಸಂವಿಧಾನದಲ್ಲಿ ರಾಷ್ಟ್ರವ್ಯಾಪಿಯಾದ ಜನಮತಗಣನೆಗೆ ಅವಕಾಶವಿಲ್ಲ. ಆದುದರಿಂದ ಅಧ್ಯಕ್ಷಚುನಾವಣೆಯನ್ನೇ ಒಂದು ಪ್ರಶ್ನೆಯ ಮೇಲಿನ ಜನಮತಗಣನೆಯನ್ನಾಗಿ ಮಾರ್ಪಡಿಸಬೇಕು. ಹಾಗೆ ಮಾರ್ಪಡಬೇಕಾದರೆ ವ್ಯಕ್ತಿಯು ಮರೆಯಾಗಿ ಪ್ರಶ್ನೆ ಮಾತ್ರ ಉಳಿಯಬೇಕು. ಪದತ್ಯಾಗದ ವಚನವು ವ್ಯಕ್ತಿಯನ್ನು ಮರೆಮಾಡುವ ಸಾಧನ.

ಇಷ್ಟು ಹೇಳಿದ ಮೇಲೆ ದೋಷಗಳನ್ನೂ ಹೇಳಬೇಕು. ಶಾಸನವನ್ನು ಮಾಡತಕ್ಕದ್ದು ಕಾಂಗ್ರೆಸ್ಸು; ಹಳೆಯ ಪದ್ಧತಿಯಿಂದ ಗೆದ್ದುಬಂದ ಸದಸ್ಯರು, ಶಾಸನವಾದೊಡನೆ ಹೊರಟುಹೋಗುವ ಅಧ್ಯಕ್ಷರಿಗೆ ಅಂಜುವುದಕ್ಕೆ ಬದಲಾಗಿ, ಶಾಸನವನ್ನು ತಡೆಹಿಡಿದು ಅವರನ್ನು ಪೀಠಕ್ಕೆ ಕಟ್ಟಿಹಾಕಬಹುದಾಗಿತ್ತು. ಅದಕ್ಕಿಂತಲೂ ಗುರುತರವಾದದ್ದು ಜನರ ಮನಸ್ಸಿನ ವಿಚಾರ. ನ್ಯಾಯಾಲಯದಲ್ಲಿ ಕಾರಣವು ಸಿದ್ಧವಾದರೆ ತೀರ್ಪು ಹಿಂಬಾಲಿಸುತ್ತದೆ. ಲೆಸಿಗ್ ಅವರು ಮತದಾರರನ್ನೂ ನ್ಯಾಯಪೀಠದಂತೆ ಸಂಬೋಧಿಸಿದರು. ಆದರೆ ಔಷಧದ ಬೆಲೆಯಿಂದ ಬಳಲುವವನಿಗೆ, ವಿದ್ಯಾಭ್ಯಾಸದ ಸಾಲದಿಂದ ಕುಗ್ಗಿದವಳಿಗೆ, ಈ ಸುಧಾರಣೆ ಮೊದಲು, ನಿಮ್ಮ ಕಷ್ಟ ಆಮೇಲೆ ಎಂದರೆ, ಮಾತು ಎಷ್ಟೇ ಸಯುಕ್ತಿಕವಾದರೂ ಹೃದಯಕ್ಕೆ ಇಳಿಯದು. ಅದೇ ಕಾಲದಲ್ಲಿ ಅದೇ ಪಕ್ಷದ ಉಮೇದುವಾರಿಕೆಯನ್ನು ಬಯಸಿದ್ದ ಬರ್ನಿ ಸ್ಯಾಂಡರ್ಸ್ ಅವರು ಹಣದ ಪ್ರಭುತ್ವವನ್ನು ಅದೇ ರೋಷದಿಂದ ಖಂಡಿಸಿ, ಪ್ರತಿಯೊಂದು ಕಷ್ಟವನ್ನೂ ಅದಕ್ಕೆ ಹೆಣೆದು ತೋರಿಸಿದರು. ಸಣ್ಣ ದೇಣಿಗೆಗಳು ಅವರ ಕಡೆಗೆ ಹರಿದವು, 2016ರ ಫೆಬ್ರವರಿಯಲ್ಲಿ ಆ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನವೇ ಅವರನ್ನು ಗೆಲ್ಲಿಸಿತು.

2015ರ ಅಕ್ಟೋಬರಿನಲ್ಲಿ ಲೆಸಿಗ್ ಅವರು ಪದತ್ಯಾಗದ ವಚನವನ್ನು ಹಿಂತೆಗೆದುಕೊಂಡು, ಗೆದ್ದರೆ ಅಧ್ಯಕ್ಷರಾಗಿಯೇ ಉಳಿಯುವುದಾಗಿ ಪ್ರಕಟಿಸಿದರು. ಜನರು ಆ ವಚನವನ್ನು ನಂಬಲಿಲ್ಲವೆಂಬುದು ಅವರ ಸಮಾಧಾನ. ನನ್ನ ದೃಷ್ಟಿಯಲ್ಲಿ ಇದು ಇಡೀ ಪ್ರಯತ್ನದ ಅತ್ಯಂತ ದುಃಖಕರವಾದ ಘಟ್ಟ: ಪ್ರತಿಜ್ಞೆ ಹೋದೊಡನೆ ಪ್ರಶ್ನೆ ಹಿಂದೆ ಸರಿದು ವ್ಯಕ್ತಿ ಮುಂದೆ ಬಂದರು, ಮತ್ತು ಕೇವಲ ವ್ಯಕ್ತಿಯಾಗಿ ಅನುಭವಿಗಳಾದ ರಾಜಕಾರಣಿಗಳ ನಡುವೆ ನಿಲ್ಲಲು ಅವರಲ್ಲಿ ವಿಶೇಷವಾದ ಬಲವೇನೂ ಇರಲಿಲ್ಲ.

ಪಕ್ಷವು ಅವರನ್ನು ನಡೆಸಿಕೊಂಡ ರೀತಿಯೂ ಶೋಭೆ ತರುವಂಥದಲ್ಲ. ಅಕ್ಟೋಬರ್ 13ರಂದು ಲಾಸ್ ವೇಗಸ್‌ನಲ್ಲಿ ನಡೆದ ಮೊದಲ ಚರ್ಚಾಸಭೆಗೆ ಐವರನ್ನು ಕರೆದರು, ಲೆಸಿಗ್ ಅವರನ್ನು ಕರೆಯಲಿಲ್ಲ. ಮೂರು ಮತಸಮೀಕ್ಷೆಗಳಲ್ಲಿ ಶೇಕಡ 1ರಷ್ಟು ಬೆಂಬಲ ಬೇಕೆಂಬುದು ನಿಯಮ. ಅನೇಕ ಸಮೀಕ್ಷೆಗಳು ಅವರ ಹೆಸರನ್ನೇ ಸೇರಿಸುತ್ತಿರಲಿಲ್ಲ. ಮುಂದಿನ ಸಭೆಗೆ ಅರ್ಹತೆ ಹತ್ತಿರವಾಗುತ್ತಿದ್ದಾಗ ನಿಯಮವನ್ನೇ ಬದಲಿಸಿದರೆಂದು ದೂರಿ ಅವರು ಹೊರಬಂದರು. ಮತದಾನಕ್ಕೆ ಮೊದಲೇ ಆಯ್ಕೆಯನ್ನು ಕೆಲವರು ಮಾಡಿಬಿಡುವರೆಂಬ ಅವರ ಪ್ರಧಾನ ಪ್ರಮೇಯಕ್ಕೆ ಅವರ ನಿರ್ಗಮನವೇ ಪ್ರಮಾಣವಾಯಿತು.

ಅವರು ಹಿಂದೆ ಸರಿದ ಮರುದಿನ, 2015ರ ನವೆಂಬರ್ 3ರಂದು, ಸಿಯಾಟಲ್ ನಗರದ ಮತದಾರರು ಇಂಥದೇ ಚೀಟಿಗಳ ಯೋಜನೆಯೊಂದನ್ನು ನೇರವಾದ ಜನಮತದಿಂದ ಅಂಗೀಕರಿಸಿದರು: ಆಸ್ತಿತೆರಿಗೆಯ ಹಣದಿಂದ ಪ್ರತಿ ಮತದಾರನಿಗೂ ಇಪ್ಪತ್ತೈದು ಡಾಲರುಗಳ ನಾಲ್ಕು ಚೀಟಿ. ಯಾವ ಸುಧಾರಣೆಗಾಗಿ ರಾಷ್ಟ್ರಾಧ್ಯಕ್ಷ ಪೀಠವನ್ನೇರಿ ಇಳಿಯಬೇಕೆಂದು ಲೆಸಿಗ್ ಅವರು ಎಣಿಸಿದ್ದರೋ, ಅದರ ಒಂದಂಶವು ಜನಮತಗಣನೆಗೆ ಅವಕಾಶವಿದ್ದ ಒಂದು ಊರಿನಲ್ಲಿ ಯಾರ ಪದತ್ಯಾಗವೂ ಇಲ್ಲದೆ ಸಿದ್ಧಿಸಿತು. 2017ರ ಚುನಾವಣೆಯಲ್ಲಿ ಆ ಚೀಟಿಗಳು ಮೊದಲು ಚಲಾವಣೆಗೆ ಬಂದವು. ಆದರೆ 2019ರ ನಗರಸಭಾ ಚುನಾವಣೆಯಲ್ಲಿ ಅಮೆಜಾನ್ ಸಂಸ್ಥೆಯು ಸುಮಾರು ಹದಿನೈದು ಲಕ್ಷ ಡಾಲರುಗಳನ್ನು ವಾಣಿಜ್ಯಮಂಡಲಿಯ ಸಮಿತಿಯ ಮೂಲಕ ಸುರಿಯಿತು. ಅದು ಬೆಂಬಲಿಸಿದವರಲ್ಲಿ ಹೆಚ್ಚಿನವರು ಸೋತರೆಂಬುದು ನಿಜವಾದರೂ, ಆ ಸುರಿಮಳೆಯನ್ನು ತಡೆಯುವ ಶಕ್ತಿಯು 2010ರ ತೀರ್ಪಿನ ಕೆಳಗೆ ಬದುಕುವ ಯಾವ ಚೀಟಿಗೂ ಇರಲಿಲ್ಲ.